ಕಣ್ಣಿನ ಒಳಗೋಡೆಯ ಚಿತ್ರ

ಕಬ್ಬಿನ ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿಯಿರಲಿ, ತಂಬಾಕಿನ ನಿಪ್ಪಾಣಿಯಿರಲಿ, ಸಕ್ಕರೆ ಕಾಯಿಲೆಯವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ‘ನನಗ ಛಲೋ ಕಾಣತೈತಿ, ಕಣ್ಣು ಯಾಕ ತೋರಿಸಬೇಕು?’ ಕಣ್ಣಿನ ಒಳಗೋಡೆಯಾದ ಅಕ್ಷಿಪಟದ ಫೋಟೊ ತೆಗೆಯುವ ಕ್ಯಾಮೆರಾ ನನಗೆ ಮೆಚ್ಚುಗೆಯಾಗುವುದು ಈ ಪ್ರಶ್ನೆಗೆ ಅದು ಕೊಡುವ ಉತ್ತರದಿಂದ. ಸಕ್ಕರೆಯಿಂದ ಅಕ್ಷಿಪಟದ ಸೂಕ್ಷ್ಮ ರಕ್ತನಾಳಗಳು ಸಣ್ಣಗೆ ಉಬ್ಬಿ, ಸೋರಿ, ಕೊನೆಗೆ ಮುಚ್ಚಿಹೋಗುತ್ತವೆ. ಅವುಗಳ ಬದಲಿಗೆ ಹುಟ್ಟುವ ಹೊಸ ನಾಳಗಳು ತೀರ ದುರ್ಬಲ, ಒಡೆದರೆ ಕಣ್ಣೊಳಗೆಲ್ಲ ರಕ್ತ. ಅಲ್ಲಿಯವರೆಗೂ ನೋಟ ಚೆನ್ನಾಗಿಯೇ ಇರಬಹುದು, ನೋವಂತೂ ಇಲ್ಲ. ಆದರೆ ಚಿತ್ರದಲ್ಲಿ ಕೆಂಪು ಚುಕ್ಕೆಗಳು ಮೊದಲೇ ಕಾಣುತ್ತವೆ. 1851ರಲ್ಲಿ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ತನ್ನ ಉಪಕರಣದಿಂದ ಇಣುಕಿದ್ದನ್ನು ಇಂದು ತರಬೇತಿ ಪಡೆದ ತಂತ್ರಜ್ಞರೇ ಸೆರೆಹಿಡಿದು ದೂರದ ತಜ್ಞರಿಗೆ ಕಳಿಸಬಹುದು.

ಡಾಕ್ಟರಲ್ಲದವರು ತೆಗೆದ ಫೋಟೊ ನಂಬುವುದು ಹೇಗೆ? ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿಗಾಗಿ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ಕರ್ನಾಟಕದ ಜಿಲ್ಲೆಗಳಲ್ಲಿ ತಂತ್ರಜ್ಞರೇ ಈ ಕೆಲಸ ಮಾಡಿ ತೋರಿಸಿದ್ದಾರೆ. (ಅಳುವ ಕೂಸಿನ ಕಣ್ಣಿಗಿಂತ ದೊಡ್ಡವರ ಕಣ್ಣು ಸುಲಭ!) ಪೊರೆ ಬಂದು ಚಿತ್ರ ಮಸುಕಾದರೆ ರೋಗಿಯನ್ನು ತಜ್ಞರ ಬಳಿ ಕಳಿಸಲೇಬೇಕು. ಈ ಕಾಯಿಲೆಗೆ ಕೊಡುವ ಲೇಸರ್ ಚಿಕಿತ್ಸೆ, ಒಮ್ಮೆ ಹೋದ ದೃಷ್ಟಿಯನ್ನು ಮರಳಿ ತರುವುದಿಲ್ಲ ಎಂಬ ಆಕ್ಷೇಪವೂ ನಿಜ. ಅದು ಬೇಗ ಪತ್ತೆಹಚ್ಚಬೇಕೆಂಬ ವಾದವನ್ನೇ ಬಲಪಡಿಸುತ್ತದೆ. ಹೊಸ ನಾಳಗಳು ಹಬ್ಬಿದ ಕಣ್ಣುಗಳಲ್ಲಿ ಲೇಸರ್ ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 1976ರಲ್ಲೇ ಅಮೆರಿಕದ ಅಧ್ಯಯನ ತೋರಿಸಿತ್ತು. ಅಕ್ಷಿಪಟದ ನಡುಭಾಗ ಊದಿಕೊಂಡವರಿಗೆ ಈಗ ಚುಚ್ಚುಮದ್ದೂ ಇದೆ, ದುಬಾರಿ ನಿಜ. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿಟ್ಟು ವರ್ಷಕ್ಕೊಮ್ಮೆ ಅಕ್ಷಿಪಟ ತೋರಿಸಿ. ಕನ್ನಡಕದ ನಂಬರ್ ನೋಡಿಸಿದರೆ ಸಾಲದು.