ಗಾಳಿಬೋರೆ: ಮೀನಿನ ಲೆಕ್ಕ, ಹೊಲದ ಲೆಕ್ಕ

ಪರಿಸರ ಪ್ರವಾಸೋದ್ಯಮವೆಂದರೆ ನಿಸರ್ಗಕ್ಕೆ ಧಕ್ಕೆ ತಾರದೆ, ಅದರ ರಕ್ಷಣೆಗೂ ಸ್ಥಳೀಯರ ಬದುಕಿಗೂ ನೆರವಾಗುವ ಪ್ರವಾಸ. ಕನಕಪುರ ತಾಲ್ಲೂಕಿನ ಗಾಳಿಬೋರೆ ಶಿಬಿರ ಈ ಹೆಸರಿಗೆ ಎಷ್ಟು ತಕ್ಕುದೆಂಬುದನ್ನು ಅತಿಥಿಗಳ ಮೆಚ್ಚುಗೆಯಿಂದಲ್ಲ, ಕಾವೇರಿಯ ಮೀನು ಮತ್ತು ಕಾಡಂಚಿನ ರಾಗಿ ಹೊಲಗಳಿಂದ ಅಳೆಯಬೇಕು.

ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದ ಮೇಲ್ಭಾಗದಲ್ಲಿ, 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದೊಳಗೆ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವ ಈ ಶಿಬಿರ ಮೊದಲು ಹೆಸರಾದದ್ದು ಮಹಶೀರ್ ಮೀನಿನ ಗಾಳಕ್ಕೆ. ಹಿಡಿದ ಮೀನನ್ನು ಜೀವಂತವಾಗಿ ಹೊಳೆಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು. ತೋಟೆ ಸಿಡಿಸಿ ಮೀನು ಕೊಲ್ಲುವವರ ಹಾವಳಿಗೆ ಶಿಬಿರದ ಕಾವಲು ತಡೆಯೊಡ್ಡಿತು.

ಆದರೂ ಅದರ ದೊಡ್ಡ ಕೊಡುಗೆ ದಾಖಲೆ ಪುಸ್ತಕವೇ. ಗಾಳ ಹಾಕಿದ ಗಂಟೆಗಳು, ಸಿಕ್ಕ ಮೀನಿನ ಜಾತಿ, ತೂಕ ಇವನ್ನೆಲ್ಲ ಬರೆದಿಟ್ಟಿದ್ದರಿಂದ, 1998ರಿಂದ 2012ರವರೆಗಿನ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ವಿವರವನ್ನು ಸಂಶೋಧಕರು 2015ರಲ್ಲಿ ವಿಶ್ಲೇಷಿಸಲು ಸಾಧ್ಯವಾಯಿತು. ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ ಬಂದ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿದ್ದಾಗ, ಕಾವೇರಿ ಕೊಳ್ಳದಲ್ಲಿ ಮಾತ್ರ ಬದುಕುವ ಗೂನುಬೆನ್ನಿನ ಮಹಶೀರ್ ಇಳಿಮುಖವಾಗಿತ್ತು. ಸಿಕ್ಕವು ದೊಡ್ಡವೇ ಆದರೂ ಎಳೆಯವು ವಿರಳವಾಗಿದ್ದವು, ಅಂದರೆ ಹೊಸ ಪೀಳಿಗೆ ಬೆಳೆಯುತ್ತಿರಲಿಲ್ಲ. ಗಾಳಕ್ಕೆ ಬೀಳುವ ಮೀನಿನ ಒಟ್ಟು ಸಂಖ್ಯೆಯನ್ನಷ್ಟೇ ನೋಡಿದವರಿಗೆ ಹೊಳೆ ಸಮೃದ್ಧವಾಗಿ ಕಂಡಿತು, ಮೂಲನಿವಾಸಿ ಮೀನು ಅಳಿವಿನ ಅಂಚಿಗೆ ಸರಿದದ್ದು ಕಾಣಲಿಲ್ಲ. 2018ರಲ್ಲಿ ಅದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿತು. ಅದಕ್ಕೂ ಮೊದಲೇ, ವನ್ಯಜೀವಿ ಕಾಯ್ದೆಯಡಿ ಸಂರಕ್ಷಿತ ಪ್ರದೇಶದಲ್ಲಿ ಗಾಳಕ್ಕೆ ಅವಕಾಶವಿಲ್ಲವೆಂಬ ನಿಲುವಿನಿಂದ ಗಾಳ ನಿಂತಿತು. ಅದರೊಂದಿಗೆ ಆ ದಾಖಲೆಯೂ ನಿಂತದ್ದು ನಿಜಕ್ಕೂ ನಷ್ಟ.

ಇನ್ನು ಹೊಲದ ಮಾತು. ತೆನೆ ಬಲಿಯುವ ಕಾಲಕ್ಕೆ ಕಾಡಂಚಿನ ರೈತರು ಅಟ್ಟಣೆ ಕಟ್ಟಿ, ಬೆಂಕಿ ಹಾಕಿ, ಆನೆ ಬಾರದಂತೆ ರಾತ್ರಿಯಿಡೀ ಕಾಯುತ್ತಾರೆ. ಪ್ರವಾಸಿ ಹಣ ಕೊಟ್ಟು ನೋಡಬಯಸುವ ಆನೆಯೇ ಇವರ ವರ್ಷದ ಕೂಳನ್ನು ತುಳಿಯುತ್ತದೆ. ಕಾಡಿನ ಸೊಬಗಿನಿಂದ ಆದಾಯ ಬರುವಲ್ಲಿ, ಆ ಕಾಡಿನ ಹೊರೆ ಹೊತ್ತವರಿಗೆ ಕೆಲವರ ನೌಕರಿಯಷ್ಟೇ ಪಾಲು ಎನ್ನುವುದು ನ್ಯಾಯವಲ್ಲ.

ಗಾಳವಿಲ್ಲದ ವೈಜ್ಞಾನಿಕ ವಿಧಾನದಲ್ಲಿ ಗೂನುಬೆನ್ನಿನ ಮಹಶೀರ್‌ನ ಗಣತಿಯನ್ನು ವರ್ಷವರ್ಷವೂ ನಡೆಸಿ ಕನ್ನಡದಲ್ಲಿ ಪ್ರಕಟಿಸಬೇಕು, ಕೊಠಡಿ ಬಾಡಿಗೆಯ ಒಂದು ಪಾಲನ್ನು ನೆರೆಯ ಊರುಗಳ ಬೆಳೆ ರಕ್ಷಣೆಗೆ ಮೀಸಲಿಡಬೇಕು.