ಕಿವಿಹಾಲೆಯ ಚಟುವಟಿಕೆ: ಒಂದು ತಕರಾರು

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆಯ ಪಾಠ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ಒಂದು ಚಟುವಟಿಕೆ ಬರುತ್ತದೆ. ತರಗತಿಯ ಎಲ್ಲ ವಿದ್ಯಾರ್ಥಿಗಳ ಕಿವಿ ನೋಡಿ. ಯಾರ ಕಿವಿಹಾಲೆ ಕೆನ್ನೆಗೆ ಅಂಟಿಕೊಂಡಿದೆ, ಯಾರದು ಬಿಡಿಯಾಗಿ ಜೋತಿದೆ ಎಂದು ಪಟ್ಟಿ ಮಾಡಿ. ಶೇಕಡಾವಾರು ಲೆಕ್ಕ ಹಾಕಿ. ಅವರ ತಂದೆ ತಾಯಿಯ ಕಿವಿಹಾಲೆ ಹೇಗಿದೆ ಎಂದು ತಿಳಿದುಕೊಂಡು, ಎರಡನ್ನೂ ಹೋಲಿಸಿ, ಇದು ವಂಶದಲ್ಲಿ ಹರಿದುಬರುವ ಬಗ್ಗೆ ಒಂದು ನಿಯಮವನ್ನು ಸೂಚಿಸಿ. ಎನ್‌ಸಿಇಆರ್‌ಟಿಯ ಪುಸ್ತಕದಲ್ಲಿದ್ದ ಈ ಚಟುವಟಿಕೆ ಕನ್ನಡ ಅವತರಣಿಕೆಯ ಮೂಲಕ ನಮ್ಮ ಶಾಲೆಗಳಿಗೂ ಬಂದಿತು. ಖರ್ಚಿಲ್ಲ, ಉಪಕರಣ ಬೇಡ, ಮಕ್ಕಳಿಗೆ ಖುಷಿ. ನಾನೂ ಸಂತೋಷದಿಂದಲೇ ಮಾಡಿಸುತ್ತಿದ್ದೆ.

ಒಂದು ವರ್ಷ, ಭಾಲ್ಕಿ ತಾಲೂಕಿನಲ್ಲಿ ಮೆಹಕರದ ಕಡೆಯ ಒಂದು ಊರಿನಲ್ಲಿ ಪಾಠ ಮಾಡುತ್ತಿದ್ದಾಗ, ಪಟ್ಟಿ ಹಿಡಿದು ಬಂದ ಹುಡುಗಿಯೊಬ್ಬಳು ಎಲ್ಲರೂ ಹೋಗುವವರೆಗೆ ಕಾದು ನಿಂತಳು. "ಸರ್, ನಮ್ಮವ್ವಂದೂ ನಮ್ಮಪ್ಪಂದೂ ಇಬ್ಬರದೂ ಅಂಟಿಕೊಂಡಾವ. ನಂದು ಯಾಕ ಜೋತಾವ?" ಹಿಂದಿನ ದಿನವಷ್ಟೇ ನಾನು ಬೋರ್ಡಿನ ಮೇಲೆ ಬರೆದಿದ್ದೆ: ಬಿಡಿ ಹಾಲೆ ಪ್ರಬಲ ಗುಣ, ಅಂಟಿದ ಹಾಲೆ ದುರ್ಬಲ ಗುಣ, ಇಬ್ಬರು ಪೋಷಕರಲ್ಲೂ ದುರ್ಬಲ ಗುಣವೇ ಇದ್ದರೆ ಮಕ್ಕಳಲ್ಲಿ ಪ್ರಬಲ ಗುಣ ಬರಲಾರದು. ಆ ವಾಕ್ಯವನ್ನು ಆಕೆ ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಳು. ಅವಳ ಪ್ರಶ್ನೆ ಕಿವಿಯ ಬಗ್ಗೆ ಇರಲಿಲ್ಲ ಎಂಬುದು ಹೇಳದೆಯೇ ತಿಳಿಯುವಂತಿತ್ತು.

ಪುಸ್ತಕಕ್ಕೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಬಿಡಿ ಹಾಲೆ ಪ್ರಬಲ ಎಂದು ಅದು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ರೂಪಗಳಿವೆ ಎಂದು ಚಿತ್ರ ತೋರಿಸಿ, ನಿಯಮವನ್ನು ನೀವೇ ಸೂಚಿಸಿ ಎಂದು ಬಿಡುತ್ತದೆ. ಆದರೆ ಮುಂದಿನ ಪುಟಗಳಲ್ಲೇ ಮೆಂಡಲನ ಬಟಾಣಿ ಬರುತ್ತದೆ. ಗೈಡುಗಳೂ ನಾವು ಶಿಕ್ಷಕರೂ ಉಳಿದದ್ದನ್ನು ತುಂಬಿಬಿಡುತ್ತೇವೆ. ಒಂದು ಜೊತೆ ವಂಶವಾಹಿ, ಎರಡು ರೂಪ, ಮೂರಕ್ಕೆ ಒಂದು. ಚಟುವಟಿಕೆ ಇರುವ ಜಾಗವೇ ಮಕ್ಕಳನ್ನು ಆ ತೀರ್ಮಾನಕ್ಕೆ ತಳ್ಳುತ್ತದೆ. ನನ್ನ ತಕರಾರು ಇರುವುದು ಇಲ್ಲಿ.

ಏಕೆಂದರೆ ಆ ತೀರ್ಮಾನ ಸರಿಯಲ್ಲ. ಹತ್ತು ಜನರ ಕಿವಿಯನ್ನು ಸಾಲಾಗಿ ನೋಡಿದರೆ ಸಾಕು, ಪೂರ್ತಿ ಅಂಟಿದ್ದು, ಅರ್ಧ ಅಂಟಿದ್ದು, ತುಸುವೇ ಜೋತದ್ದು, ಚೆನ್ನಾಗಿ ಜೋತದ್ದು ಎಲ್ಲವೂ ಸಿಗುತ್ತವೆ. ಗೆರೆ ಎಲ್ಲಿ ಎಳೆಯಬೇಕೆಂದು ಮಕ್ಕಳು ಜಗಳವಾಡುತ್ತಾರೆ, ಶಿಕ್ಷಕರು ಒಂದು ಕಡೆ ತಳ್ಳಿಬಿಡುತ್ತಾರೆ. ಒಂದೇ ವಂಶವಾಹಿಯ ಸರಳ ಲೆಕ್ಕ ಇಲ್ಲಿ ಕೂಡದು ಎಂದು 1937ರಷ್ಟು ಹಿಂದೆಯೇ ವೀನರ್ ತಕರಾರು ಎತ್ತಿದ್ದರು. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 74 ಸಾವಿರಕ್ಕೂ ಹೆಚ್ಚು ಜನರ ಜೀನೋಮಿನ ಮಾಹಿತಿಯನ್ನು ಕಿವಿಹಾಲೆಯೊಂದಿಗೆ ಹೋಲಿಸಿ ನೋಡಿತು. ಸಿಕ್ಕಿದ್ದು ಒಂದು ವಂಶವಾಹಿಯಲ್ಲ. ಪ್ರಭಾವ ಬೀರುವ 49 ತಾಣಗಳು. ಒಂದೊಂದರ ಪಾಲೂ ಸಣ್ಣದು. ಹೀಗಿರುವಾಗ ಅಂಟಿದ ಹಾಲೆಯ ತಂದೆ ತಾಯಿಗೆ ಜೋತ ಹಾಲೆಯ ಮಗಳು ಹುಟ್ಟುವುದರಲ್ಲಿ ವಿಚಿತ್ರವೇನೂ ಇಲ್ಲ. ಇದನ್ನು ಆ ಹುಡುಗಿಗೆ ಅಂದೇ ಹೇಳಲು ನನಗೆ ತಿಳಿದಿರಲಿಲ್ಲ. "ಒಮ್ಮೊಮ್ಮೆ ಹಾಗಾಗ್ತದವ್ವ" ಎಂದು ತೇಲಿಸಿ ಕಳಿಸಿದೆ. ಸರಿಯಾದ ಉತ್ತರ ಹುಡುಕಿ ಹೇಳುವ ಹೊತ್ತಿಗೆ ವಾರ ಕಳೆದಿತ್ತು. ಆ ಒಂದು ವಾರ ಆಕೆ ಏನು ಯೋಚಿಸಿರಬಹುದು ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ನಾಲಿಗೆ ಮಡಚುವ ಆಟವೂ ಇದೇ ಜಾತಿಯದು. 1940ರಲ್ಲಿ ಅದನ್ನು ಅನುವಂಶೀಯ ಗುಣವೆಂದು ಬರೆದವರು ಸ್ಟರ್ಟವಂಟ್, ಹಣ್ಣುನೊಣದ ವರ್ಣತಂತುವಿನ ಮೊದಲ ನಕ್ಷೆ ತಯಾರಿಸಿದ ಅದೇ ವಿಜ್ಞಾನಿ. ಮುಂದೆ 1952ರಲ್ಲಿ ಅವಳಿಗಳನ್ನು ಪರೀಕ್ಷಿಸಿದಾಗ, ಒಂದೇ ಭ್ರೂಣದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬರು ಮಡಚಬಲ್ಲರು, ಇನ್ನೊಬ್ಬರು ಮಡಚಲಾರರು ಎಂಬ ಜೋಡಿಗಳು ಸಿಕ್ಕವು. ಸ್ಟರ್ಟವಂಟ್ 1965ರ ತಮ್ಮ ಪುಸ್ತಕದಲ್ಲಿ ಈ ಉದಾಹರಣೆಯನ್ನು ಇನ್ನೂ ಬಳಸುತ್ತಿರುವುದರ ಬಗ್ಗೆ ಮುಜುಗರವನ್ನೇ ತೋಡಿಕೊಂಡರು. ಬರೆದವರೇ ಕೈಬಿಟ್ಟ ಮಾತು ಇಷ್ಟು ವರ್ಷಗಳ ನಂತರವೂ ಪಿಯುಸಿ ಮಟ್ಟದ ಪ್ರಾಯೋಗಿಕ ಪಟ್ಟಿಗಳಲ್ಲಿ, ವಂಶವೃಕ್ಷ ಬರೆಯಲು ತಕ್ಕ ಗುಣವೆಂದು, ಕಿವಿಹಾಲೆಯ ಪಕ್ಕದಲ್ಲೇ ಕುಳಿತಿದೆ.

ಮೆಂಡಲನೇ ಆಗಿದ್ದರೆ ಈ ಗುಣಗಳನ್ನು ಮುಟ್ಟುತ್ತಿರಲಿಲ್ಲ. ಪಾಠಗಳಲ್ಲಿ ನಾವು ಹಾರಿಸಿಬಿಡುವ ಭಾಗವಿದು. ಆತ ಬೀಜದ ವ್ಯಾಪಾರಿಗಳಿಂದ 34 ಬಗೆಯ ಬಟಾಣಿ ತರಿಸಿ, ಎರಡು ವರ್ಷ ಬರೀ ಪರೀಕ್ಷೆಗೆ ಕಳೆದ. ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಬರುತ್ತವೆಯೇ ಎಂದು ನೋಡಿ, 22ನ್ನು ಉಳಿಸಿಕೊಂಡ. ಹೆಚ್ಚು ಕಡಿಮೆ ಎಂಬ ಅಳತೆಯ, ಗೆರೆ ಎಳೆಯಲಾಗದ ಗುಣಗಳನ್ನು ಬೇಕೆಂದೇ ಬಿಟ್ಟು, ಖಚಿತವಾಗಿ ಇದು ಅಥವಾ ಅದು ಎನ್ನಬಹುದಾದ ಏಳನ್ನು ಮಾತ್ರ ಆರಿಸಿದ. ಆಮೇಲೆ ಎಣಿಸಿದ: ಎರಡನೆಯ ಪೀಳಿಗೆಯಲ್ಲಿ 5474 ದುಂಡು ಬೀಜ, 1850 ಸುಕ್ಕು ಬೀಜ, 787 ಎತ್ತರದ ಗಿಡ, 277 ಕುಳ್ಳು ಗಿಡ. 1865ರಲ್ಲಿ ಬ್ರನ್ ನಗರದಲ್ಲಿ ಓದಿದ, ಮರುವರ್ಷ ಅಚ್ಚಾದ ಆ ಪ್ರಬಂಧದ ಬಲ ಇರುವುದು ಈ ಆಯ್ಕೆಯಲ್ಲಿ ಮತ್ತು ಈ ಸಂಖ್ಯೆಗಳಲ್ಲಿ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಮಧ್ಯಾಹ್ನ ಕಿವಿ ನೋಡಿ ನಿಯಮ ಹೇಳಿ ಎಂದರೆ, ಮೆಂಡಲನ ಹೆಸರು ಹೇಳಿ ಮೆಂಡಲನ ವಿಧಾನಕ್ಕೆ ಬೆನ್ನು ತೋರಿಸಿದಂತೆ.

ಪಾಠದ ಎಲ್ಲವೂ ಹೀಗೆಂದು ನಾನು ಹೇಳುತ್ತಿಲ್ಲ. ಗುಣ ಹೇಗೆ ಪ್ರಕಟವಾಗುತ್ತದೆ ಎಂಬ ಭಾಗ ನಿಜಕ್ಕೂ ಚೆನ್ನಾಗಿದೆ. ವಂಶವಾಹಿ ಒಂದು ಕಿಣ್ವವನ್ನು ತಯಾರಿಸುತ್ತದೆ, ಕಿಣ್ವ ಚುರುಕಾಗಿದ್ದರೆ ಬೆಳವಣಿಗೆಯ ಹಾರ್ಮೋನು ಹೆಚ್ಚು, ಗಿಡ ಎತ್ತರ. ಕಿಣ್ವದ ಕೆಲಸ ಕುಂದಿದರೆ ಗಿಡ ಕುಳ್ಳು. ಇದು ಮಕ್ಕಳಿಗಾಗಿ ಕಟ್ಟಿದ ಕಥೆಯಲ್ಲ. ಮೆಂಡಲನ ಎತ್ತರದ ವಂಶವಾಹಿ ಗಿಬ್ಬರೆಲಿನ್ ಹಾರ್ಮೋನಿನ ತಯಾರಿಕೆಯ ಒಂದು ಕಿಣ್ವದ್ದು ಎಂದು 1997ರಲ್ಲೇ ಗೊತ್ತಾಯಿತು. ದುಂಡು-ಸುಕ್ಕಿನ ಗುಟ್ಟು, ಪಿಷ್ಟ ತಯಾರಿಸುವ ಕಿಣ್ವದ ದೋಷವೆಂದು, 1990ರಲ್ಲಿ ಬಯಲಾಗಿತ್ತು. ಏಳರಲ್ಲಿ ಉಳಿದಿದ್ದವುಗಳ ಲೆಕ್ಕವೂ 2025ರ ಸಂಶೋಧನೆಯೊಂದಿಗೆ ಬಹುಮಟ್ಟಿಗೆ ಮುಗಿದಿದೆ. ಅಭ್ಯಾಸದ ಪ್ರಶ್ನೆಗಳಂತೂ ಪಾಠಕ್ಕಿಂತ ಜಾಣತನದವು. ಎ ಗುಂಪಿನ ತಂದೆ, ಓ ಗುಂಪಿನ ತಾಯಿ, ಓ ಗುಂಪಿನ ಮಗಳು. ಇಷ್ಟರಿಂದ ಯಾವುದು ಪ್ರಬಲವೆಂದು ಹೇಳಬಹುದೇ ಎಂಬ ಪ್ರಶ್ನೆಯಿದೆ. ಹೇಳಲಾಗದು ಎಂಬುದೇ ಉತ್ತರ. ಒಂದು ಕುಟುಂಬದಿಂದ ನಿಯಮ ಹುಟ್ಟುವುದಿಲ್ಲ ಎಂದು ಪಾಠದ ಕೊನೆಯಲ್ಲಿ ಎಚ್ಚರಿಸುವ ಪುಸ್ತಕ, ಪಾಠದ ಮೊದಲಲ್ಲಿ ಮನೆಮನೆಯ ಕಿವಿ ನೋಡಿ ನಿಯಮ ಮಾಡಿ ಎನ್ನುತ್ತದೆ!

ಇನ್ನೊಂದು ತೊಡಕು ನಮ್ಮ ಕನ್ನಡದ್ದೇ. ಪ್ರಬಲ, ದುರ್ಬಲ ಎಂಬ ಶಬ್ದಗಳು. ದುರ್ಬಲ ಎಂದೊಡನೆ ಮಕ್ಕಳ ಮನಸ್ಸಿಗೆ ಬರುವುದು ಸೊರಗಿದ, ಕೈಲಾಗದ ಎಂಬ ಅರ್ಥ. ಪ್ರಬಲ ಗುಣ ಒಳ್ಳೆಯದು, ಹೆಚ್ಚು ಜನರಲ್ಲಿರುವುದು, ಮುಂದೊಂದು ದಿನ ದುರ್ಬಲವನ್ನು ಅಳಿಸಿಬಿಡುವುದು ಎಂದೆಲ್ಲ ಅವರು ನಂಬುತ್ತಾರೆ. ಮೂರೂ ತಪ್ಪು. ರಕ್ತದ ಗುಂಪುಗಳಲ್ಲಿ ಓ ದುರ್ಬಲ ಗುಣ, ಆದರೆ ನಮ್ಮಲ್ಲಿ ಅದಕ್ಕೇನೂ ಬರವಿಲ್ಲ. ಪ್ರಬಲವೆಂಬ ಕಾರಣಕ್ಕೆ ಗುಣವೊಂದು ಹರಡುತ್ತ ಹೋಗುವುದಿಲ್ಲ ಎಂದು ಹಾರ್ಡಿ ಎಂಬ ಗಣಿತಜ್ಞ 1908ರಲ್ಲಿ ಸಣ್ಣ ಬೀಜಗಣಿತದಿಂದ ತೋರಿಸಿದ್ದಾಗಿದೆ. ಮರಾಠಿಯಲ್ಲಿ ಪ್ರಭಾವಿ, ಅಪ್ರಭಾವಿ ಎನ್ನುತ್ತಾರೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವ ಈ ಗಡಿಯ ಮಕ್ಕಳಿಗೆ ಅದೇ ಬೇಗ ತಿಳಿಯುವುದನ್ನು ಕಂಡಿದ್ದೇನೆ. ಪ್ರಕಟ, ಅಪ್ರಕಟ ಎಂದರೂ ಆದೀತು. ಜೊತೆಯಾಗಿ ಇದ್ದಾಗ ಒಂದು ಕಾಣುತ್ತದೆ, ಇನ್ನೊಂದು ಅಡಗಿರುತ್ತದೆ ಎಂಬಷ್ಟೇ ಅಲ್ಲವೇ ವಿಷಯ?

ಅಡಗಿರುವುದರ ಮಾತು ಬಂದಿತು. ಮೆಂಡಲನ ಲೆಕ್ಕ ನಮ್ಮ ಮನೆಗಳಿಗೆ ನಿಜಕ್ಕೂ ಬೇಕಾಗುವುದು ಇಲ್ಲಿ, ಆದರೆ ಇದನ್ನೇ ನಾವು ಕಲಿಸುವುದಿಲ್ಲ. ಥಲಸ್ಸೀಮಿಯಾ, ಕುಡುಗೋಲು ಕಣ ರೋಗದಂಥವು ಅಪ್ರಕಟ ಗುಣಗಳಾಗಿ ಹರಿದುಬರುತ್ತವೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮಕ್ಕಳು, ಕೆಲವೊಮ್ಮೆ ನಾವೂ, ಇದನ್ನು ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಎಂದು ಓದುತ್ತೇವೆ. ಮೊದಲ ಮಗುವಿಗೆ ಬಂದರೆ ಉಳಿದ ಮೂರಕ್ಕೆ ಭಯವಿಲ್ಲ ಎಂದುಕೊಳ್ಳುವವರಿದ್ದಾರೆ. ಲೆಕ್ಕ ಹಾಕಿಸಿ ನೋಡಿ: ನಾಲ್ಕು ಮಕ್ಕಳಿರುವ ಇಂತಹ ನೂರು ಮನೆಗಳಿದ್ದರೆ, ಸುಮಾರು 32 ಮನೆಗಳಲ್ಲಿ ಒಂದು ಮಗುವಿಗೂ ರೋಗವಿರದು, ಸುಮಾರು 42 ಮನೆಗಳಲ್ಲಿ ಒಬ್ಬರಿಗೆ, ಉಳಿದ 26ರಲ್ಲಿ ಇಬ್ಬರಿಗೆ ಅಥವಾ ಹೆಚ್ಚು ಮಕ್ಕಳಿಗೆ. ಸೋದರಮಾವನಿಗೆ ಅಕ್ಕನ ಮಗಳನ್ನು ತರುವ, ಸೋದರತ್ತೆಯ ಮಗನಿಗೆ ಕೊಡುವ ಪದ್ಧತಿ ನಮ್ಮ ರಾಜ್ಯದಲ್ಲಿ ಹಳೆಯದು. ಒಬ್ಬ ಪೂರ್ವಜರ ಒಂದೇ ವಂಶವಾಹಿಯ ಎರಡು ಪ್ರತಿಗಳು ಮಗುವಿನಲ್ಲಿ ಕೂಡುವ ಸಂಭವ ಮೊದಲನೆಯ ಸಂಬಂಧದಲ್ಲಿ 1/8, ಎರಡನೆಯದರಲ್ಲಿ 1/16. ಯಾರ ಮನೆಯನ್ನೂ ಬೊಟ್ಟು ಮಾಡದೆ ಇದನ್ನು ಬೋರ್ಡಿನ ಮೇಲೆ ಮಾಡಿಸಬಹುದು.

ಲಿಂಗ ನಿರ್ಧಾರದ ಭಾಗವನ್ನು ಪಾಠದಲ್ಲಿ ಇಟ್ಟಿರುವುದು ಒಳ್ಳೆಯದಾಯಿತು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಎಕ್ಸ್ ಅಥವಾ ವೈ ವರ್ಣತಂತು ಬರುವುದು ತಂದೆಯಿಂದ ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಯಾವ ವೀರ್ಯಾಣು ಮುಟ್ಟುವುದೆಂಬುದು ಯಾರ ಕೈಯಲ್ಲೂ ಇಲ್ಲ, ತಂದೆಯನ್ನು ದೂರುವುದೂ ಸಲ್ಲದು ಎಂಬ ಒಂದು ವಾಕ್ಯವನ್ನು ಶಿಕ್ಷಕರು ಸೇರಿಸಿಕೊಳ್ಳಬೇಕು.

ಹಾಗಾದರೆ ಕಿವಿಯ ಬದಲು ಏನು ಮಾಡಿಸುವುದು? ರಕ್ತದ ಗುಂಪು ಮಾಡಿಸೋಣ ಎನ್ನುವ ಗೆಳೆಯರಿದ್ದಾರೆ. ಅದು ಶುದ್ಧ ಮೆಂಡಲ್ ಗುಣ, ನಿಜ. ಆದರೆ ತಂದೆ ತಾಯಿಯ ಗುಂಪಿನೊಡನೆ ಹೋಲಿಸಿದರೆ ಅದೇ ಅಪಾಯ, ಇನ್ನೂ ಹೆಚ್ಚು. 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಂಡುಹಿಡಿದ ಬಾಂಬೆ ರಕ್ತದ ಗುಂಪನ್ನು ನೆನೆಯಿರಿ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಎಂದೇ ತೋರುತ್ತದೆ, ಆದರೆ ಆ ವ್ಯಕ್ತಿಯ ಮಕ್ಕಳು ಎ ಅಥವಾ ಬಿ ಆಗಬಹುದು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಎನ್ನುವಷ್ಟು ಅಪರೂಪ ಅದು. ಆ ಒಬ್ಬರ ಮಗು ನಮ್ಮ ಶಾಲೆಯಲ್ಲಿಲ್ಲ ಎಂದು ಹೇಳುವವರು ಯಾರು? ಬರೆದಿಟ್ಟ ಗುಂಪೇ ತಪ್ಪಾಗಿರುವ ಸಂದರ್ಭಗಳಂತೂ ಬೇರೆ. ಮಕ್ಕಳ ಮೈಯನ್ನೂ ಮನೆಯವರನ್ನೂ ಒಟ್ಟಿಗೆ ಪ್ರಯೋಗಕ್ಕೆ ಇಳಿಸುವ ಚಟುವಟಿಕೆ ಶಾಲೆಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಹೊರಗೆ ನೋಡಿದರೆ ಬೇಕಾದಷ್ಟಿದೆ. ಬೀದರ, ಭಾಲ್ಕಿ, ಔರಾದ ಎಂದರೆ ದೇವಣಿ ದನದ ನೆಲ. ಮುಖದ ಬದಿಯಷ್ಟೇ ಕಪ್ಪಾದ ವಾನ್ನೇರ, ಮೈಯೆಲ್ಲ ಕಪ್ಪು ಮಚ್ಚೆಯ ಶೇವರಾ, ಬಹುತೇಕ ಬಿಳಿಯ ಬಾಲಂಕ್ಯ ಎಂದು ತಳಿಯೊಳಗೇ ಬಗೆಗಳಿವೆ. ಈ ಆಕಳಿಗೆ ಆ ಹೋರಿ ಕೂಡಿಸಿದರೆ ಕರು ಹೇಗಿರುತ್ತದೆ ಎಂದು ದನ ಸಾಕಿದ ಹಿರಿಯರನ್ನು ಕೇಳಿ ಬರಲು ಮಕ್ಕಳಿಗೆ ಹೇಳಿದ್ದೆ. "ಬಹಳ ಮಾಡಿ ಹಿಂಗ ಇರ್ತದ, ಖರೆ ಹೇಳಾಕ ಬರಾಂಗಿಲ್ಲ" ಎಂಬ ಉತ್ತರ ತಂದರು. ಮಚ್ಚೆಯ ಹರಹು ದನಗಳಲ್ಲಿ ಹಲವು ವಂಶವಾಹಿಗಳ ಕೂಡು ಕೆಲಸ, ಆದ್ದರಿಂದ ಆ ಉತ್ತರವೇ ವೈಜ್ಞಾನಿಕ. ಕಿವಿಹಾಲೆಯೂ ಹೀಗೆಯೇ ಎಂದು ಆಗ ಹೇಳಿದರೆ ಯಾರಿಗೂ ನೋವಿಲ್ಲದೆ ಅರ್ಥವಾಗುತ್ತದೆ.

ಸರಳ ಲೆಕ್ಕ ಬೇಕಾದರೆ ಹಿತ್ತಲಿನ ಸಂಜೆಮಲ್ಲಿಗೆ ಇದೆ. ಕೆಂಪು ಮತ್ತು ಬಿಳಿಯ ಬೆರಕೆಯಿಂದ ಹುಟ್ಟಿದ ಗುಲಾಬಿ ಬಣ್ಣದ ಗಿಡ ಆರಿಸಿ. (ಹಳದಿ ಅಥವಾ ಪಟ್ಟೆ ಹೂವಿನ ಗಿಡ ಬೇಡ, ಅವುಗಳ ಕಥೆ ಬೇರೆ.) ಮೊಗ್ಗಿಗೆ ತೆಳುಬಟ್ಟೆಯ ಚೀಲ ಕಟ್ಟಿದರೆ ಬೇರೆ ಗಿಡದ ಪರಾಗ ಬರುವುದಿಲ್ಲ, ಹೂವು ಸ್ವಕೀಯ ಪರಾಗಸ್ಪರ್ಶದಿಂದಲೇ ಬೀಜ ಕಟ್ಟುತ್ತದೆ. ಹೂವಿಗೊಂದೇ ಕರಿ ಬೀಜ, ಎಣಿಸಲು ಸುಲಭ. ಬಿತ್ತಿದರೆ ಕೆಂಪು, ಗುಲಾಬಿ, ಬಿಳಿ 1:2:1ರಂತೆ ಬರಬೇಕು. ಮೂವತ್ತು ಗಿಡಗಳಲ್ಲಿ ಖಂಡಿತ ಹಾಗೆಯೇ ಬರುವುದಿಲ್ಲ. ಬಾರದಿರುವುದೂ ಪಾಠವೇ. ಮೂರು ತಾಲೂಕಿನ ಹತ್ತು ಶಾಲೆಗಳು ತಮ್ಮ ಎಣಿಕೆ ಕೂಡಿಸಿದಾಗ ಸಂಖ್ಯೆ ಹೇಗೆ ಹತ್ತಿರ ಹತ್ತಿರ ಬರುತ್ತದೆ ಎಂದು ಮಕ್ಕಳು ತಾವೇ ನೋಡಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಚೀಲ ಕಟ್ಟಿ ಬೀಜ ಕೂಡಿಟ್ಟರೆ ಮುಂದಿನ ಜೂನಿನಲ್ಲಿ ಬಿತ್ತಬಹುದು. ಒಂಬತ್ತನೆಯ ತರಗತಿಯವರಿಂದ ಬೀಜ ಕಟ್ಟಿಸಿದರೆ, ಅವರು ಹತ್ತಕ್ಕೆ ಬಂದು ಈ ಪಾಠ ತೆರೆಯುವಾಗ ಹೂವು ಅರಳಿರುತ್ತದೆ.