ವಿದ್ಯುತ್ ಟೂತ್‌ಬ್ರಷ್: ಗುಣ, ಮಿತಿ ಮತ್ತು ಪಾಲನೆ

ಹಲ್ಲುಜ್ಜುವ ವಿದ್ಯುತ್ ಬ್ರಷ್‌ನ ಯೋಗ್ಯತೆಯನ್ನು ಮಾರುಕಟ್ಟೆಯು ಬಹುಮಟ್ಟಿಗೆ ಅದರ ವೇಗದಿಂದ ಅಳೆಯುತ್ತದೆ. ನಿಮಿಷಕ್ಕೆ ಎಷ್ಟು ಸಾವಿರ ಚಲನೆ, ಎಷ್ಟು ಬಗೆಯ ಮೋಡ್, ಎಷ್ಟು ದಿನ ಬರುವ ಚಾರ್ಜ್ ಎಂಬ ಲೆಕ್ಕಗಳೇ ಪೆಟ್ಟಿಗೆಯ ಮೇಲೆ ಎದ್ದು ಕಾಣುತ್ತವೆ. ಬಾಯಿಯ ಆರೋಗ್ಯದ ದೃಷ್ಟಿಯಿಂದ ಪರಿಶೀಲಿಸಿದರೆ ಈ ಉಪಕರಣದ ಮುಖ್ಯ ಗುಣ ಬೇರೆಯೇ ಆಗಿದೆ: ಕೈಯಿಂದ ಉಜ್ಜುವಾಗ ಸಾಮಾನ್ಯವಾಗಿ ತಪ್ಪಿಹೋಗುವ ಅವಧಿ, ಒತ್ತಡ ಮತ್ತು ಕ್ರಮ ಎಂಬ ಮೂರು ಅಂಶಗಳನ್ನು ಅದು ಹದ್ದುಬಸ್ತಿನಲ್ಲಿಡುತ್ತದೆ. ಅದರ ಮುಖ್ಯ ದೋಷವೂ ವೇಗಕ್ಕೆ ಸಂಬಂಧಿಸಿದ್ದಲ್ಲ. ದಿನವೂ ಆರೈಕೆ ಬೇಡುವ ಈ ಉಪಕರಣವು ದುರಸ್ತಿಗೆ ಮಾತ್ರ ಒಡ್ಡಿಕೊಳ್ಳದಂತೆ ತಯಾರಾಗುತ್ತಿರುವುದೇ ಆ ದೋಷ.

ಸ್ವಿಟ್ಜರ್ಲೆಂಡಿನಲ್ಲಿ 1954ರಲ್ಲಿ ಡಾ. ಫಿಲಿಪ್-ಗಿ ವೂಗ್ ರೂಪಿಸಿದ ಬ್ರಾಕ್ಸೊಡೆಂಟ್ ಎಂಬ ಬ್ರಷ್, ಕೈಯ ಚಲನೆ ಕುಂಠಿತವಾದ ರೋಗಿಗಳನ್ನೂ ಹಲ್ಲಿಗೆ ತಂತಿ ಕಟ್ಟಿಸಿಕೊಂಡವರನ್ನೂ ಉದ್ದೇಶಿಸಿದ ಸಾಧನವಾಗಿತ್ತು. ಗೋಡೆಯ ಪ್ಲಗ್‌ನಿಂದ ನೇರವಾಗಿ ವಿದ್ಯುತ್ ಪಡೆಯುತ್ತಿದ್ದ ಅದು 1960ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆಗೆ ಬಂದಿತು. ಮರುವರ್ಷವೇ ಜನರಲ್ ಎಲೆಕ್ಟ್ರಿಕ್ ಕಂಪನಿಯು ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ, ವೈರಿಲ್ಲದ ಮಾದರಿಯನ್ನು ಹೊರತಂದಿತು. ಇಂದು ಎರಡು ಬಗೆಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಪುಟ್ಟ ದುಂಡನೆಯ ತಲೆಯು ಪೂರ್ತಿ ಸುತ್ತದೆ, ಎಡಕ್ಕೂ ಬಲಕ್ಕೂ ಅರೆಬರೆಯಾಗಿ ತಿರುಗುತ್ತದೆ. ಸಾನಿಕ್ ಎಂದು ಕರೆಯುವ ಎರಡನೆಯದರಲ್ಲಿ ನೀಳವಾದ ತಲೆಯು ಅತ್ತಿತ್ತ ಅತಿವೇಗವಾಗಿ ಕಂಪಿಸುತ್ತದೆ; ಈ ಕಂಪನದ ಆವರ್ತನೆ ಕಿವಿಗೆ ಕೇಳುವ ಶಬ್ದದ ವ್ಯಾಪ್ತಿಯಲ್ಲಿರುವುದರಿಂದ ಅದಕ್ಕೆ ಆ ಹೆಸರು ಬಂದಿದೆಯೇ ಹೊರತು, ವೈದ್ಯರು ಸ್ಕ್ಯಾನಿಂಗ್‌ಗೆ ಬಳಸುವ ಅಲ್ಟ್ರಾಸೌಂಡಿಗೂ ಅದಕ್ಕೂ ಸಂಬಂಧವಿಲ್ಲ.

ಕೈಬ್ರಷ್‌ಗಿಂತ ಇದು ಮೇಲೇ ಎಂಬ ಪ್ರಶ್ನೆಗೆ ಹೆಚ್ಚು ವ್ಯವಸ್ಥಿತವಾದ ಉತ್ತರ ದೊರೆಯುವುದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಾಮರ್ಶಿಸುವ ಕೊಕ್ರೇನ್ ಸಂಸ್ಥೆಯ 2014ರ ವರದಿಯಲ್ಲಿ. 1964ರಿಂದ 2011ರವರೆಗೆ ಪ್ರಕಟವಾದ, ಒಟ್ಟು 5,068 ಜನರನ್ನು ಒಳಗೊಂಡ 56 ಪ್ರಯೋಗಗಳನ್ನು ಅದು ಒಟ್ಟುಗೂಡಿಸಿ ನೋಡಿತು. ಹಲ್ಲಿನ ಮೇಲೆ ಸೂಕ್ಷ್ಮಜೀವಿಗಳು ಕಟ್ಟುವ ಅಂಟಂಟಾದ ಪದರ, ಅಂದರೆ ಪ್ಲಾಕ್, ಮೂರು ತಿಂಗಳೊಳಗಿನ ಬಳಕೆಯಲ್ಲಿ ಕೈಬ್ರಷ್‌ಗೆ ಹೋಲಿಸಿದರೆ ಶೇಕಡಾ 11ರಷ್ಟು, ಮೂರು ತಿಂಗಳಿಗೂ ಮೀರಿದ ಬಳಕೆಯಲ್ಲಿ ಶೇಕಡಾ 21ರಷ್ಟು ಹೆಚ್ಚಾಗಿ ತಗ್ಗಿತ್ತು. ವಸಡಿನ ಉರಿಯೂತದಲ್ಲಿ ಈ ಅಂತರ ಕ್ರಮವಾಗಿ ಶೇಕಡಾ 6 ಮತ್ತು 11ರಷ್ಟಿತ್ತು. ಈ ಅಂಕಿಗಳನ್ನು ಜಾಹೀರಾತಿನ ಭರವಸೆಯಂತೆ ಓದಬಾರದು. ಪ್ಲಾಕ್‌ನ ಸೂಚ್ಯಂಕದಲ್ಲಿ ಕಂಡ ಇಳಿಕೆಯಿಂದ ಹಲ್ಲು ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದು ಸ್ಪಷ್ಟವಿಲ್ಲವೆಂದು ಪರಾಮರ್ಶಕರೇ ಎಚ್ಚರಿಸಿದ್ದಾರೆ. ಉಪಕರಣದ ಬೆಲೆ ಮತ್ತು ಬಾಳಿಕೆಯ ವಿವರಗಳನ್ನು ಪ್ರಯೋಗಗಳು ಸಮರ್ಪಕವಾಗಿ ದಾಖಲಿಸಿರಲಿಲ್ಲ ಎಂಬುದನ್ನೂ ಅವರು ಗುರುತಿಸಿದ್ದಾರೆ. ಹೀಗಾಗಿ ಲಾಭ ನಿಜ, ಅದರ ಪ್ರಮಾಣ ಮಿತವಾದದ್ದು ಎಂಬ ತೀರ್ಮಾನವೇ ನ್ಯಾಯವಾದದ್ದು.

ಆ ಲಾಭವೂ ಬಳಕೆಯ ವಿಧಾನವನ್ನು ಅವಲಂಬಿಸಿದೆ. ಕೈಬ್ರಷ್ಷನ್ನು ಹಿಂದೆಮುಂದೆ ತಿಕ್ಕುವ ಅಭ್ಯಾಸವನ್ನೇ ಇಲ್ಲಿಯೂ ಮುಂದುವರಿಸಿದರೆ ಯಂತ್ರದ ಚಲನೆಗೆ ಅಡ್ಡಿಯಾಗುವುದಲ್ಲದೆ, ವಸಡು ಸವೆಯುವ ಮತ್ತು ಹಲ್ಲಿನ ಬುಡ ಬರಿದಾಗುವ ಅಪಾಯವೂ ಇರುತ್ತದೆ. ಎಳೆಗಳನ್ನು ಹಲ್ಲು ಮತ್ತು ವಸಡು ಕೂಡುವ ಅಂಚಿಗೆ ತುಸು ಓರೆಯಾಗಿ ಹಿಡಿದು, ಪ್ರತಿ ಹಲ್ಲಿನ ಬಳಿ ಕೆಲವು ಕ್ಷಣ ನಿಲ್ಲಿಸಿ, ಒತ್ತದೆ ಮುಂದಿನದಕ್ಕೆ ಸಾಗಬೇಕು. ಉಜ್ಜುವ ಕೆಲಸ ಯಂತ್ರದ್ದು, ಸರಿಯಾದ ಜಾಗಕ್ಕೆ ಒಯ್ಯುವ ಕೆಲಸ ಮಾತ್ರ ಕೈಯದು. ಬಾಯಿಯನ್ನು ನಾಲ್ಕು ಭಾಗವಾಗಿ ಎಣಿಸಿ, 30 ಸೆಕೆಂಡಿಗೊಮ್ಮೆ ಕಂಪನವನ್ನು ತುಸು ತಡೆದು ಮುಂದಿನ ಭಾಗಕ್ಕೆ ಹೋಗುವಂತೆ ಸೂಚಿಸಿ, ಎರಡು ನಿಮಿಷಕ್ಕೆ ಮುಗಿತಾಯ ತಿಳಿಸುವ ಟೈಮರ್ ಮತ್ತು ಜೋರಾಗಿ ಒತ್ತಿದಾಗ ಎಚ್ಚರಿಸುವ ಸಂವೇದಕ ಇವೆರಡೇ ಹೆಚ್ಚುವರಿ ಹಣಕ್ಕೆ ತಕ್ಕ ಸೌಲಭ್ಯಗಳು. ಹತ್ತಾರು ಮೋಡ್‌ಗಳಿಗೂ ಮೊಬೈಲ್ ಆ್ಯಪಿಗೂ ಅಷ್ಟು ಮಹತ್ವವಿಲ್ಲ.

ಪಾಲನೆಯ ವಿಷಯದಲ್ಲಿ ಬಳಕೆದಾರರ ನಿರ್ಲಕ್ಷ್ಯವೂ ಸಾಮಾನ್ಯವೇ. ಪೇಸ್ಟು ಮತ್ತು ಜೊಲ್ಲು ಬೆರೆತ ನೀರು ತಲೆಯ ಟೊಳ್ಳಿನೊಳಗೆ, ಹಿಡಿಯಿಂದ ಹೊರಚಾಚಿದ ಲೋಹದ ಕಡ್ಡಿಯ ಸುತ್ತ ಇಳಿದು ನಿಲ್ಲುತ್ತದೆ. ತಲೆಯನ್ನು ಕಳಚದೆ ಬಿಟ್ಟರೆ ಅಲ್ಲಿ ಕಪ್ಪು ಲೋಳೆ ಕಟ್ಟುತ್ತದೆ. ಉಜ್ಜಿದ ಮೇಲೆ ತಲೆಯನ್ನು ಬಿಡಿಸಿ, ಎರಡನ್ನೂ ಬೇರೆಬೇರೆಯಾಗಿ ತೊಳೆದು, ಒರೆಸಿ, ಗಾಳಿಯಾಡುವಂತೆ ನಿಲ್ಲಿಸಿಡುವುದೇ ಇದಕ್ಕೆ ಪರಿಹಾರ. ಕೊಳವೆಬಾವಿಯ ಗಡಸು ನೀರನ್ನು ನೆಚ್ಚಿಕೊಂಡ ಕರ್ನಾಟಕದ ಬಯಲುಸೀಮೆಯ ಮನೆಗಳಲ್ಲಿ ಒರೆಸದೆ ಬಿಟ್ಟ ನೀರು ಆರಿದ ಮೇಲೆ ಸುಣ್ಣದಂಥ ಬಿಳಿ ಕರೆಯೂ ಕೂಡುವುದರಿಂದ ಈ ಕ್ರಮ ಇನ್ನಷ್ಟು ಅಗತ್ಯ. ಎಳೆಗಳು ಬಾಗಿದೊಡನೆ, ಇಲ್ಲವೇ ಸುಮಾರು ಮೂರು ತಿಂಗಳಿಗೊಮ್ಮೆ, ತಲೆಯನ್ನು ಬದಲಿಸಬೇಕು. ಬಹುತೇಕ ಮಾದರಿಗಳಲ್ಲಿ ಚಾರ್ಜ್ ನಡೆಯುವುದು ವಿದ್ಯುತ್ಕಾಂತೀಯ ಪ್ರೇರಣೆಯಿಂದ, ಅಂದರೆ ಪೀಠದಲ್ಲಿರುವ ಸುರುಳಿಯ ಕಾಂತಕ್ಷೇತ್ರವು ಹಿಡಿಯೊಳಗಿನ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುವುದರಿಂದ. ಲೋಹದ ತೆರೆದ ಸಂಪರ್ಕವೇ ಇಲ್ಲದ ಈ ಏರ್ಪಾಡು ಒದ್ದೆ ಬಚ್ಚಲುಮನೆಗೆ ತಕ್ಕ ವಿವೇಕದ ವಿನ್ಯಾಸ. ಆದರೂ ಪೀಠವನ್ನು ಒರೆಸುವ ಮುನ್ನ ಪ್ಲಗ್ ಕೀಳಲೇಬೇಕು; ಲಿಥಿಯಂ ಅಯಾನ್ ಬ್ಯಾಟರಿಯ ಬ್ರಷ್ಷನ್ನು ಪೂರ್ತಿ ಬರಿದಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇಡಬಾರದು.

ಇಷ್ಟು ಆರೈಕೆ ಪಡೆದ ಬ್ರಷ್ಷೂ ಬ್ಯಾಟರಿ ಸೋತ ದಿನ ಕಸವಾಗುತ್ತದೆ. ಮೋಟಾರು ಸರಿಯಾಗಿದ್ದರೂ, ನೀರು ಹೊಗದಂತೆ ಮುಚ್ಚಿ ಬೆಸೆದ ಹಿಡಿಯನ್ನು ಒಡೆಯದೆ ಬ್ಯಾಟರಿಯನ್ನು ತೆಗೆಯಲಾಗದು. ಐರೋಪ್ಯ ಒಕ್ಕೂಟವು 2023ರ ನಿಯಮದಲ್ಲಿ, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕೆಂದು 2027ರ ಫೆಬ್ರುವರಿಯಿಂದ ಜಾರಿಗೆ ಬರುವಂತೆ ವಿಧಿಸಿತು. ನೀರಿನ ನಡುವೆಯೇ ಬಳಸುವ ಸಾಧನಗಳಿಗೆ ರಿಯಾಯಿತಿ ನೀಡಿದರೂ, ಅವುಗಳ ಬ್ಯಾಟರಿಯನ್ನು ಸ್ವತಂತ್ರ ವೃತ್ತಿಪರರಾದರೂ ಬದಲಿಸುವಂತಿರಬೇಕೆಂಬ ಕಟ್ಟಳೆಯನ್ನು ಉಳಿಸಿಕೊಂಡಿತು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಂಗ್ರಹಣೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆಯಾದರೂ, ಸತ್ತ ಬ್ರಷ್ಷನ್ನು ಮನೆಯ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವ ಕೆಲಸ ಬಳಕೆದಾರರದೇ. ಬ್ರಿಟಿಷ್ ಡೆಂಟಲ್ ಜರ್ನಲ್‌ನಲ್ಲಿ 2020ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ, ಐದು ವರ್ಷಗಳ ಬಳಕೆಯನ್ನು ಲೆಕ್ಕಕ್ಕೆ ಹಿಡಿದಾಗ ವಿದ್ಯುತ್ ಬ್ರಷ್‌ನ ಹವಾಮಾನ ಪರಿಣಾಮ ಬಿದಿರಿನ ಬ್ರಷ್‌ನದಕ್ಕಿಂತ ಸುಮಾರು 11 ಪಟ್ಟು ಹೆಚ್ಚೆಂದು ಕಂಡುಬಂದಿತು. ಒಂದು ಕಂಪನಿಯ ತಲೆ ಇನ್ನೊಂದರ ಹಿಡಿಗೆ ಸಾಮಾನ್ಯವಾಗಿ ಹೊಂದದಿರುವುದರಿಂದ, ಹಿಡಿ ಬಾಳುವಷ್ಟು ಕಾಲವೂ ಖರೀದಿದಾರರು ಅದೇ ಕಂಪನಿಯ ಬೆಲೆಗೆ ಕಟ್ಟುಬಿದ್ದಿರುತ್ತಾರೆ.

ಆದ್ದರಿಂದ ಈ ಬ್ರಷ್ ಎಲ್ಲರಿಗೂ ಅನಿವಾರ್ಯವೆಂಬ ವಾದ ನಿಲ್ಲುವುದಿಲ್ಲ. ಕೈಬ್ರಷ್‌ನಿಂದಲೇ ಎರಡು ನಿಮಿಷ ಕ್ರಮಬದ್ಧವಾಗಿ, ಹಗುರವಾಗಿ ಉಜ್ಜಬಲ್ಲ ವ್ಯಕ್ತಿಗೆ ದೊರೆಯುವ ಹೆಚ್ಚಿನ ಪ್ರಯೋಜನ ಅಲ್ಪ. ಸಂಧಿವಾತ, ಪಾರ್ಕಿನ್ಸನ್ಸ್ ಅಥವಾ ಪಾರ್ಶ್ವವಾಯುವಿನಿಂದ ಬೆರಳ ಹಿಡಿತ ಕಳೆದುಕೊಂಡವರ ಮತ್ತು ಇನ್ನೊಬ್ಬರ ಬಾಯಿಯನ್ನು ಶುಚಿ ಮಾಡಬೇಕಾದ ಆರೈಕೆದಾರರ ಪಾಲಿಗೆ ಮಾತ್ರ ಅದು ಸೌಕರ್ಯದ ವಸ್ತುವಾಗಿರದೆ ಸ್ವಾವಲಂಬನೆಗೂ ಘನತೆಗೂ ಒದಗುವ ಸಾಧನವಾಗುತ್ತದೆ. ಯಾರಿಗೆ ಈ ಬ್ರಷ್ ಹೆಚ್ಚು ಬೇಕೋ ಅವರೇ ಬೆಲೆಯನ್ನೂ ಪದೇ ಪದೇ ಹೊಸದು ಕೊಳ್ಳುವ ಖರ್ಚನ್ನೂ ತಾಳಲಾಗದವರಾಗಿರುವ ಸಂಭವವಿರುವುದರಿಂದ, ಬದಲಿಸಬಹುದಾದ ಬ್ಯಾಟರಿ, ಎಲ್ಲ ಕಂಪನಿಗಳ ಹಿಡಿಗೂ ಹೊಂದುವ ತಲೆ ಮತ್ತು ಸುಲಭ ಬೆಲೆಯ ಸರಳ ಮಾದರಿ ಇವುಗಳನ್ನು ತಯಾರಕರಿಂದ ಕೇಳುವುದು ನ್ಯಾಯಸಮ್ಮತವಾಗಿದೆ. ಮುಂದಿನ ಮಾದರಿಗಳ ಗುಣಮಟ್ಟವನ್ನೂ ಈ ಮೂರರಿಂದಲೇ ಅಳೆಯಬೇಕು.